ಮೊದಲು ಮೈ ಪಳಗಲಿ, ಆಮೇಲೆ ವೇಗ

ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್‌ಗಳಲ್ಲಿ ಓದುವ ನಮ್ಮಲ್ಲಿ ಬಹಳಷ್ಟು ಜನರಿಗೆ ವಾರಾಂತ್ಯಕ್ಕೆ ಹೋಗೋಕೆ ಒಂದು ಕನ್ನಡದ ಮನೆ ಇದ್ದೇ ಇರುತ್ತೆ. ಕೇಟಿಯಲ್ಲಿ ಚಿಕ್ಕಪ್ಪ, ಫ್ರಿಸ್ಕೋದಲ್ಲಿ ಅಕ್ಕ-ಭಾವ, ರೌಂಡ್ ರಾಕ್‌ನಲ್ಲಿ ಅಪ್ಪನ ಕಾಲೇಜು ಗೆಳೆಯರು. ಆ ಮನೆಗಳ ಗರಾಜಿನಲ್ಲಿ ಹತ್ತು ವರ್ಷದ ಹಿಂದೆ ಕ್ರಿಕೆಟ್ ಬ್ಯಾಟು, ಟೆನಿಸ್ ಬಾಲು ಕಾಣ್ತಿದ್ದವು. ಈಗ ಅವುಗಳ ಪಕ್ಕದಲ್ಲೇ ಬೇಸ್‌ಬಾಲ್ ಗ್ಲೌಸ್, ಹೆಲ್ಮೆಟ್, ಹಿತ್ತಲಲ್ಲಿ ಎಸೆತ ಅಭ್ಯಾಸ ಮಾಡೋ ಬಲೆ ಸೇರಿಕೊಂಡಿವೆ. ಇದು ಒಳ್ಳೆಯದೇ. ಮಕ್ಕಳು ತಾವು ಹುಟ್ಟಿ ಬೆಳೆಯುತ್ತಿರುವ ನೆಲದ ಆಟ ಆಡಬೇಕು. ಅದಕ್ಕೆ ನಮ್ಮ ತಕರಾರಿಲ್ಲ.

ತಕರಾರು ಇರುವುದು ಆ ಮನೆಗಳಲ್ಲಿ ನಮಗೆ ಕೇಳುವ ಮೊದಲ ಪ್ರಶ್ನೆಯ ಬಗ್ಗೆ: "ಎಷ್ಟು ಮೈಲಿ ಸ್ಪೀಡಲ್ಲಿ ಎಸೀತಾನೆ ನೋಡಿ ಹೇಳಿ." ಹತ್ತು ವರ್ಷದ ಹುಡುಗ ಒಂಟಿ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಬಲ್ಲನೇ, ಹಿಮ್ಮಡಿ ಎತ್ತದೆ ಕುಕ್ಕರಗಾಲಲ್ಲಿ ಕೂರಬಲ್ಲನೇ ಅಂತ ಯಾರೂ ಕೇಳುವುದಿಲ್ಲ. ರೇಡಾರ್ ಗನ್ ತೋರಿಸುವ ಅಂಕಿ ಎಲ್ಲರಿಗೂ ಬೇಕು, ಆ ಅಂಕಿಯನ್ನು ಹೊರುವ ಮೈಯ ಚಿಂತೆ ಯಾರಿಗೂ ಇಲ್ಲ. ಬೆಳೆಯುವ ಮಕ್ಕಳಿಗೆ ಎಸೆಯುವುದನ್ನು ಕಲಿಸುವ ಮೊದಲು, ಅಥವಾ ಕನಿಷ್ಠ ಅದರ ಜೊತೆಗಾದರೂ, ಮೈಯನ್ನು ಸರಿಯಾಗಿ ಚಲಿಸುವುದನ್ನು ಕಲಿಸಬೇಕು. ಇದರಲ್ಲಿ ನಮ್ಮಂಥ ವಿದ್ಯಾರ್ಥಿ ಸಂಘಗಳು ಮಾಡಬಹುದಾದ ಕೆಲಸವೂ ಇದೆ ಅನ್ನೋದು ನಮ್ಮ ವಾದ.

ಎಸೆತ ಕೈಯ ಕೆಲಸ ಅಲ್ಲ

ಕ್ರಿಕೆಟ್ ನೋಡಿ ಬೆಳೆದ ನಮಗೆ ಬೇಸ್‌ಬಾಲ್ ಪಿಚಿಂಗ್ ಸುಲಭದ್ದು ಅನ್ನಿಸುತ್ತೆ. ರನ್‌ಅಪ್ ಇಲ್ಲ, ಮೊಣಕೈ ಮಡಚಬಾರದು ಅನ್ನೋ ನಿಯಮ ಇಲ್ಲ, ನಿಂತಲ್ಲಿಂದ ಎಸೆದರೆ ಆಯ್ತು. ತೊಂದರೆ ಶುರುವಾಗುವುದೂ ಅಲ್ಲೇ. ವೇಗದ ಬೌಲರ್‌ಗೆ ಓಟದಿಂದಲೇ ಒಂದಷ್ಟು ವೇಗ ಸಿಕ್ಕಿರುತ್ತೆ, ಅವನ ಪೆಟ್ಟು ಹೆಚ್ಚಾಗಿ ಬೀಳುವುದು ಸೊಂಟದ ಹಿಂಭಾಗಕ್ಕೆ. ಪಿಚರ್‌ಗೆ ಆ ಓಟವೇ ಇಲ್ಲ. ಇಡೀ ವೇಗವನ್ನು ಒಂದೇ ಒಂದು ಹೆಜ್ಜೆಯಲ್ಲಿ ಹುಟ್ಟಿಸಬೇಕು.

ಕವಣೆಯಲ್ಲಿ ಕಲ್ಲು ಬೀಸುವುದನ್ನು ನೆನಪಿಸಿಕೊಳ್ಳಿ. ಬರೀ ಮಣಿಕಟ್ಟಿನಿಂದ ಬೀಸಿದರೆ ಕಲ್ಲು ನಾಲ್ಕು ಮಾರು ದೂರವೂ ಹೋಗಲ್ಲ. ಪಿಚಿಂಗ್‌ನಲ್ಲೂ ಹಾಗೆಯೇ. ಹಿಂದಿನ ಕಾಲು ನೆಲವನ್ನು ಒತ್ತುತ್ತೆ, ಮುಂದಿನ ಕಾಲು ಗಟ್ಟಿಯಾಗಿ ಊರಿಕೊಳ್ಳುತ್ತೆ, ಸೊಂಟ ಮೊದಲು ತಿರುಗುತ್ತೆ, ಎದೆ ಒಂದು ಕ್ಷಣ ತಡವಾಗಿ ತಿರುಗುತ್ತೆ, ಆಮೇಲೆ ಭುಜ, ಮೊಣಕೈ, ಕೊನೆಗೆ ಬೆರಳು. ನೆಲದಿಂದ ಹುಟ್ಟಿದ ಬಲ ಸರಪಳಿಯ ಕೊಂಡಿಯಿಂದ ಕೊಂಡಿಗೆ ದಾಟುತ್ತಾ ಬರುತ್ತೆ. ವೃತ್ತಿಪರ ಪಿಚರ್‌ಗಳಲ್ಲಿ ಭುಜ ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7000 ಡಿಗ್ರಿ ಮುಟ್ಟುತ್ತೆ. ಅದೇ ವೇಗದಲ್ಲಿ ತಿರುಗುತ್ತಾ ಹೋದರೆ ಒಂದು ಸೆಕೆಂಡಿನಲ್ಲಿ 19 ಸುತ್ತು! ಮನುಷ್ಯನ ಮೈ ಮಾಡುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು.

ಈ ಸರಪಳಿಯಲ್ಲಿ ಒಂದು ಕೊಂಡಿ ಸಡಿಲವಾದರೆ ಏನಾಗುತ್ತೆ? ಸೊಂಟ ಸರಿಯಾಗಿ ತಿರುಗದ ಹುಡುಗ ಎಸೆಯುವುದನ್ನೇನೂ ನಿಲ್ಲಿಸುವುದಿಲ್ಲ. ಸೊಂಟ ಮಾಡಬೇಕಾದ ಕೆಲಸವನ್ನು ಭುಜದ ಮೇಲೆ ಹೇರುತ್ತಾನೆ. ಭುಜ ಸೋತರೆ ಮೊಣಕೈ ಮೇಲೆ. ಕಾಲಿನ ಸಾಲವನ್ನು ಮೊಣಕೈ ಬಡ್ಡಿ ಸಮೇತ ತೀರಿಸಬೇಕಾಗುತ್ತೆ. ಅದಕ್ಕೇ ಮೊಣಕೈ ನೋವು ಅಂತ ಬಂದ ಮಗುವಿನ ಸೊಂಟ, ಬೆನ್ನು, ಕಾಲಿನ ಚಲನೆಯನ್ನೂ ತಿಳಿದ ಫಿಸಿಯೋಗಳು ಪರೀಕ್ಷೆ ಮಾಡುವುದು.

ಮಕ್ಕಳ ವಿಷಯದಲ್ಲಿ ಇನ್ನೂ ಒಂದು ಸೂಕ್ಷ್ಮ ಇದೆ. ಅವರ ಎಲುಬಿನ ತುದಿಗಳಲ್ಲಿ ಬೆಳವಣಿಗೆ ನಡೆಯುವ ಮೆದು ಭಾಗ ಇರುತ್ತೆ. ಅದು ಪೂರ್ತಿ ಗಟ್ಟಿಯಾಗುವುದು ಹದಿಹರೆಯ ಅರ್ಧ ದಾಟಿದ ಮೇಲೆ. ದೊಡ್ಡವರಲ್ಲಿ ಅತಿಯಾಗಿ ಎಳೆದರೆ ಹರಿಯುವುದು ಮೊಣಕೈ ಒಳಬದಿಯ ಕಟ್ಟುನಾರು. ಮಕ್ಕಳಲ್ಲಿ ಆ ನಾರಿಗಿಂತ ಈ ಮೆದು ಭಾಗವೇ ದುರ್ಬಲ, ಆದ್ದರಿಂದ ಮೊದಲು ಪೆಟ್ಟು ತಿನ್ನುವುದೂ ಅದೇ. ವೈದ್ಯರು ಇದನ್ನು 'ಲಿಟಲ್ ಲೀಗರ್ಸ್ ಎಲ್ಬೋ' ಅಂತ ಕರೀತಾರೆ. ಒಂದು ಆಟದಲ್ಲಿ ಮಕ್ಕಳು ಆಡುವ ಲೀಗಿನ ಹೆಸರೇ ಒಂದು ಕಾಯಿಲೆಗೆ ಬಂದಿದೆ ಅಂದ್ರೆ, ಅದು ಎಷ್ಟು ಮಕ್ಕಳಿಗೆ ಬಂದಿರಬೇಕು ಯೋಚಿಸಿ.

ಒಂದೇ ಊರಿನ ಇಬ್ಬರು

ಹ್ಯೂಸ್ಟನ್‌ನಿಂದ ದಕ್ಷಿಣಕ್ಕೆ ಆಲ್ವಿನ್ ಅಂತ ಒಂದು ಸಣ್ಣ ಊರಿದೆ. ಅಲ್ಲಿ ಬೆಳೆದ ನೋಲನ್ ರಯಾನ್ 27 ಸೀಸನ್ ಪಿಚಿಂಗ್ ಮಾಡಿದರು. 5714 ಸ್ಟ್ರೈಕ್‌ಔಟ್, ಏಳು ನೋ-ಹಿಟರ್. ಏಳನೆಯದು ಬಂದದ್ದು 1991ರಲ್ಲಿ, ಟೆಕ್ಸಾಸ್ ರೇಂಜರ್ಸ್ ಪರವಾಗಿ, 44ನೇ ವಯಸ್ಸಿನಲ್ಲಿ. ಕೊನೆಗೆ ಮೊಣಕೈ ನಾರು ಹರಿದು ಅವರ ಆಟ ನಿಂತಾಗ ವಯಸ್ಸು 46. ಅದೇ ಆಲ್ವಿನ್‌ನ ಹೈಸ್ಕೂಲಿನಲ್ಲಿ ಆಡಿದ ನೇಥನ್ ಇವಾಲ್ಡಿಗೆ ಮೊಣಕೈ ಶಸ್ತ್ರಚಿಕಿತ್ಸೆ ಆಗಿದ್ದು 2007ರಲ್ಲಿ, ಇನ್ನೂ ಹೈಸ್ಕೂಲಿನಲ್ಲಿದ್ದಾಗಲೇ. 2016ರಲ್ಲಿ ಎರಡನೆಯದು. ಅವರು ಗಟ್ಟಿಗ. ಎರಡು ಸಲ ಎದ್ದು ಬಂದು, 2023ರಲ್ಲಿ ರೇಂಜರ್ಸ್ ವರ್ಲ್ಡ್ ಸೀರೀಸ್ ಗೆದ್ದಾಗ ತಂಡದ ಬೆನ್ನೆಲುಬಾಗಿದ್ದರು. ಆದರೆ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿ: ಮೊದಲನೆಯವರಿಗೆ ನಲವತ್ತಾರಕ್ಕೆ ಬಂದದ್ದು ಎರಡನೆಯವರಿಗೆ ಹದಿನೇಳರ ಆಸುಪಾಸಿನಲ್ಲೇ ಬಂತು. ಇಬ್ಬರ ಮೈಯೂ ಒಂದೇ ಅಲ್ಲ, ಕಾರಣಗಳೂ ಹಲವು ಇರಬಹುದು. ಆದರೂ ಹೈಸ್ಕೂಲ್ ವಯಸ್ಸಿನ ಮೊಣಕೈ ಶಸ್ತ್ರಚಿಕಿತ್ಸೆ ಇವತ್ತು ಯಾರನ್ನೂ ಬೆಚ್ಚಿಬೀಳಿಸೋದಿಲ್ಲ ಅನ್ನೋದೇ ಚಿಂತೆಯ ವಿಷಯ.

ಈ ಶಸ್ತ್ರಚಿಕಿತ್ಸೆಯನ್ನು ಮೊದಲು ಮಾಡಿದ್ದು ಡಾ. ಫ್ರಾಂಕ್ ಜೋಬ್, 1974ರಲ್ಲಿ, ಲಾಸ್ ಏಂಜಲೀಸ್ ಡಾಡ್ಜರ್ಸ್‌ನ ಟಾಮಿ ಜಾನ್ ಎಂಬ ಪಿಚರ್‌ಗೆ. ಅವರದೇ ಇನ್ನೊಂದು ಕೈಯ ನಾರನ್ನು ತೆಗೆದು ಮೊಣಕೈಗೆ ಕಟ್ಟಿದರು. ಜಾನ್ ಆಮೇಲೆ 1989ರವರೆಗೂ ಆಡಿದರು. ಈ ಯಶಸ್ಸಿನಿಂದಲೇ ಒಂದು ತಪ್ಪು ನಂಬಿಕೆಯೂ ಹುಟ್ಟಿಕೊಂಡಿದೆ: "ಆಪರೇಷನ್ ಆದ್ರೆ ಇನ್ನೂ ಸ್ಪೀಡ್ ಬರುತ್ತಂತೆ." ಬರಲ್ಲ. ಅದು ಹರಿದದ್ದನ್ನು ಹೊಲಿಯುವ ಕೆಲಸ. ಮರಳಿ ಆಡಲು ಒಂದು ವರ್ಷ, ಹಲವರಿಗೆ ಅದಕ್ಕಿಂತ ಹೆಚ್ಚು ಬೇಕು. ನಮ್ಮೂರ ಕಡೆಯ ಉದಾಹರಣೆ ಬೇಕೆಂದರೆ ಮೈಸೂರಿನ ಜಾವಗಲ್ ಶ್ರೀನಾಥ್ ಇದ್ದಾರೆ. 1997ರಲ್ಲಿ ಭುಜದ ಶಸ್ತ್ರಚಿಕಿತ್ಸೆಯಿಂದಾಗಿ ತಿಂಗಳುಗಟ್ಟಲೆ ಮೈದಾನದಿಂದ ಹೊರಗಿದ್ದರು. ಪೂರ್ಣ ಬೆಳೆದ, ದೇಶದ ತಂಡದ ಫಿಸಿಯೋ ನೋಡಿಕೊಳ್ಳುತ್ತಿದ್ದ ಭುಜದ ಕತೆ ಅದು. ಹತ್ತು ವರ್ಷದ ಭುಜದ ಗತಿ ಏನು?

ಲೆಕ್ಕ ಸ್ಪಷ್ಟವಾಗಿದೆ

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್ ಈ ವಿಷಯದಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿದೆ. ಅವರ 2006ರ ಅಧ್ಯಯನದಲ್ಲಿ ವರ್ಷಕ್ಕೆ ಎಂಟು ತಿಂಗಳಿಗಿಂತ ಹೆಚ್ಚು ಪಿಚಿಂಗ್ ಮಾಡಿದ ಹುಡುಗರಿಗೆ ಶಸ್ತ್ರಚಿಕಿತ್ಸೆಯ ಅಪಾಯ ಐದು ಪಟ್ಟು. ಕೈ ಸೋತಿದ್ದರೂ ಮತ್ತೆ ಮತ್ತೆ ಎಸೆದವರಿಗೆ 36 ಪಟ್ಟು. ಮಕ್ಕಳನ್ನು ಹತ್ತು ವರ್ಷ ಹಿಂಬಾಲಿಸಿದ ಇನ್ನೊಂದು ಅಧ್ಯಯನ 2011ರಲ್ಲಿ ಬಂತು. ವರ್ಷಕ್ಕೆ 100 ಇನ್ನಿಂಗ್ಸ್ ದಾಟಿದವರಿಗೆ ಗಂಭೀರ ಪೆಟ್ಟಿನ ಅಪಾಯ ಮೂರೂವರೆ ಪಟ್ಟು ಅಂತ ಅದು ತೋರಿಸಿತು.

ಇಂಥ ಅಧ್ಯಯನಗಳ ಆಧಾರದಲ್ಲೇ 2014ರಲ್ಲಿ ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ 'ಪಿಚ್ ಸ್ಮಾರ್ಟ್' ಎಂಬ ಮಾರ್ಗಸೂಚಿ ತಂದವು. ಒಂದು ದಿನಕ್ಕೆ 7-8 ವಯಸ್ಸಿನವರಿಗೆ 50 ಎಸೆತ, 9-10ಕ್ಕೆ 75, 11-12ಕ್ಕೆ 85, 13ರಿಂದ 16ಕ್ಕೆ 95. ಹದಿನಾಲ್ಕರ ಒಳಗಿನವರು 20ರೊಳಗೆ ಎಸೆದರೆ ವಿಶ್ರಾಂತಿ ಕಡ್ಡಾಯವಿಲ್ಲ. 21-35ಕ್ಕೆ ಒಂದು ದಿನ, 36-50ಕ್ಕೆ ಎರಡು, 51-65ಕ್ಕೆ ಮೂರು, 66 ದಾಟಿದರೆ ನಾಲ್ಕು ದಿನ. ಜೊತೆಗೆ, ವರ್ಷದಲ್ಲಿ ಕನಿಷ್ಠ ನಾಲ್ಕು ತಿಂಗಳು ಎಸೆತಕ್ಕೆ ರಜೆ ಕೊಡಿ, ಒಂದೇ ಸಮಯಕ್ಕೆ ಎರಡು ತಂಡಗಳಲ್ಲಿ ಪಿಚಿಂಗ್ ಬೇಡ ಅಂತಲೂ ಹೇಳುತ್ತೆ. ಹನ್ನೆರಡರ ಒಳಗಿನ ಮಕ್ಕಳಿಗೆ ಅದು ಕೊಡುವ ಮೊದಲ ಸಲಹೆಯಲ್ಲಿ ವೇಗದ ಮಾತೇ ಇಲ್ಲ. ಮೈಯ ಚುರುಕು, ದೈಹಿಕ ಸಾಮರ್ಥ್ಯ, ಆಟದ ಖುಷಿ ಇವಕ್ಕೆ ಗಮನ ಕೊಡಿ ಅನ್ನುತ್ತೆ.

ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಟೆಕ್ಸಾಸ್‌ನಲ್ಲಿ ಎಡವಟ್ಟು ಆಗುವುದು ಹವಾಮಾನದಿಂದ. ಮಿನೆಸೋಟಾದ ಮಗುವಿಗೆ ಹಿಮವೇ ನಾಲ್ಕು ತಿಂಗಳ ರಜೆ ಕೊಡುತ್ತೆ. ಇಲ್ಲಿ ಹಾಗಲ್ಲ. ವಸಂತದ ಲೀಗ್, ಬೇಸಿಗೆಯ ಸೆಲೆಕ್ಟ್ ತಂಡ, ಫಾಲ್ ಬಾಲ್, ಚಳಿಗಾಲದಲ್ಲಿ ಒಳಾಂಗಣ ಕೇಜ್, ವರ್ಷವಿಡೀ ಆಟ. ಇನ್ನೊಂದು ತೂತು ಏನಂದ್ರೆ, ಪ್ರತಿ ಲೀಗೂ ತನ್ನ ಪಂದ್ಯದ ಎಸೆತ ಮಾತ್ರ ಎಣಿಸುತ್ತೆ. ಶನಿವಾರ ಒಂದು ತಂಡ, ಭಾನುವಾರ ಇನ್ನೊಂದು, ಮಂಗಳವಾರ ಖಾಸಗಿ ಪಾಠ, ಸಂಜೆ ಹಿತ್ತಲಲ್ಲಿ ಅಪ್ಪನ ಜೊತೆ. ಈ ಎಲ್ಲದರ ಮೊತ್ತವನ್ನು ಕೂಡುವವರು ಯಾರು? ಕಾರಿನ ಮೈಲೇಜಿನಿಂದ ಹಿಡಿದು ಕರೆಂಟ್ ಬಿಲ್‌ವರೆಗೆ ಎಕ್ಸೆಲ್ ಶೀಟ್ ಇಟ್ಟಿರುವ ನಮ್ಮ ಭಾವಂದಿರು ಮಗನ ಕೈಗೂ ಒಂದು ಶೀಟ್ ತೆರೆಯಬಾರದೇಕೆ?

ಆದರೆ ಎಣಿಕೆ ಅರ್ಧ ಔಷಧ ಮಾತ್ರ. ಐವತ್ತೇ ಎಸೆತ ಎಸೆದರೂ ಐವತ್ತನ್ನೂ ಬರೀ ಮೊಣಕೈಯಿಂದ ಎಸೆದರೆ ಏನು ಬಂತು? ಉಳಿದ ಅರ್ಧ ಚಲನೆಯಲ್ಲಿದೆ.

ಸರಳೆ ವರಸೆ ಬಿಟ್ಟು ಕೃತಿಗೆ ಹಾರುವವರು

ನಮ್ಮ ಮನೆಗಳಲ್ಲಿ ಒಂದು ವಿಚಿತ್ರ ಇದೆ. ಮಗಳನ್ನು ಭರತನಾಟ್ಯಕ್ಕೆ ಕಳಿಸುತ್ತೇವೆ. ಅಲ್ಲಿ ಗುರುಗಳು ಅರೆಮಂಡಿ ಕೂರಿಸಿ, ತಿಂಗಳುಗಟ್ಟಲೆ ಅಡವು ಮಾತ್ರ ಮಾಡಿಸ್ತಾರೆ. ಯಾವ ಅಮ್ಮನೂ "ಇವಳು ಯಾವಾಗ ವರ್ಣ ಮಾಡೋದು" ಅಂತ ಮೊದಲ ವಾರವೇ ಜಗಳ ತೆಗೆಯೋದಿಲ್ಲ. ಸಂಗೀತಕ್ಕೆ ಕಳಿಸಿದರೆ ಸರಳೆ ವರಸೆ, ಜಂಟಿ ವರಸೆ, ಅಲಂಕಾರ. ನಿಧಾನಕ್ಕೆ ಒಂದು ಕಾಲ, ಆಮೇಲೆ ಎರಡನೇ ಕಾಲ, ಮೂರನೇ ಕಾಲ. ಸ್ವರ ನಿಲ್ಲದ ಕಂಠಕ್ಕೆ ವೇಗ ಕೊಡಬಾರದು ಅನ್ನೋದು ಐದು ಶತಮಾನದ ಹಿಂದೆಯೇ ಪುರಂದರದಾಸರ ಪಾಠಕ್ರಮದಲ್ಲಿತ್ತು ಅಂತ ಹೆಮ್ಮೆಯಿಂದ ಹೇಳಿಕೊಳ್ತೀವಿ. ಗರಡಿ ಮನೆಯಲ್ಲೂ ಅಷ್ಟೇ. ಹೊಸ ಹುಡುಗನನ್ನು ಮೊದಲ ದಿನವೇ ಜೋಡಿ ಕುಸ್ತಿಗೆ ಬಿಡಲ್ಲ. ಮಣ್ಣು ಹದ ಮಾಡು, ಬಸ್ಕಿ ಹೊಡಿ, ಸಾಮು ತೆಗಿ ಅಂತಾರೆ.

ಅದೇ ಮನೆಯ ಮಗ ಬೇಸ್‌ಬಾಲ್‌ಗೆ ಹೋದ ತಕ್ಷಣ ಈ ವಿವೇಕವೆಲ್ಲ ಗರಾಜಿನಲ್ಲೇ ಉಳಿದುಬಿಡುತ್ತೆ. ಹತ್ತಕ್ಕೇ ಕರ್ವ್‌ಬಾಲ್ ಬೇಕು, ಹನ್ನೊಂದಕ್ಕೆ ರ‍್ಯಾಂಕಿಂಗ್ ಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನೋ ಗಾದೆ ಹೇಳಿ ಅವಸರ ಮಾಡ್ತಾರೆ. ಸರಿ, ಗಿಡವನ್ನು ಬಗ್ಗಿಸಿ. ಆದರೆ ಎಲ್ಲ ಕಡೆಗೂ ಬಗ್ಗಿಸಿ. ಒಂದೇ ಕಡೆ, ಒಂದೇ ಬೆಟ್ಟಿನಲ್ಲಿ, ವರ್ಷಕ್ಕೆ ಹನ್ನೆರಡು ತಿಂಗಳು ಎಳೆದರೆ ಗಿಡ ಬಗ್ಗಲ್ಲ, ಮುರಿಯುತ್ತೆ.

ಹಾಗಾದರೆ ಪಿಚರ್‌ನ ಸರಳೆ ವರಸೆ ಯಾವುದು? ದೊಡ್ಡ ವಿದ್ಯೆಯೇನಲ್ಲ. ಹಿಮ್ಮಡಿ ನೆಲಕ್ಕೆ ಊರಿ ಕುಕ್ಕರಿಸುವುದು. ಒಂಟಿ ಕಾಲಲ್ಲಿ ಅಲುಗಾಡದೆ ನಿಲ್ಲುವುದು. ಒಂದು ಕಾಲಿಂದ ಇನ್ನೊಂದಕ್ಕೆ ಹಾರಿ ಸದ್ದಿಲ್ಲದೆ ಇಳಿಯುವುದು. ಬೆನ್ನು ನೆಟ್ಟಗಿಟ್ಟು ಸೊಂಟದಿಂದ ಬಗ್ಗುವುದು. ಸೊಂಟ ಅಲುಗಿಸದೆ ಎದೆ ಮಾತ್ರ ಎರಡೂ ಕಡೆ ತಿರುಗಿಸುವುದು. ಗೋಡೆಗೆ ಬೆನ್ನು ಕೊಟ್ಟು ನಿಂತು, ನಡು ಬಾಗದಂತೆ ಎರಡೂ ಕೈ ತಲೆ ಮೇಲೆ ಎತ್ತುವುದು. ಇವು ಬಂದರೆ ಪಿಚಿಂಗ್‌ಗೆ ಬೇಕಾದ ಅಕ್ಷರಮಾಲೆ ಬಂದಂತೆ. ಹನ್ನೆರಡು-ಹದಿಮೂರರಲ್ಲಿ ಮಗು ಸರಸರ ಉದ್ದ ಬೆಳೆಯುವಾಗ ಇದನ್ನೆಲ್ಲ ಮತ್ತೆ ಮೊದಲಿಂದ ನೋಡಬೇಕು. ಕೈಕಾಲು ರಾತ್ರೋರಾತ್ರಿ ಉದ್ದವಾದ ಮಗುವಿಗೆ ತನ್ನ ಮೈಯೇ ಹೊಸದಾಗಿರುತ್ತೆ. ಆಗ ಎಸೆತ ಹದ ತಪ್ಪಿದರೆ ಬೈಯದೆ, ವೇಗ ಇಳಿಸಿ, ಕಾಲಿನ ಕೆಲಸಕ್ಕೆ ಮರಳಬೇಕು.

ಇದರಿಂದ ನಿಜಕ್ಕೂ ಫಲ ಇದೆಯೇ ಅಂತ ಕೇಳುವವರಿಗೆ ಜಪಾನಿನ ಯೋಕೊಹಾಮಾ ಉತ್ತರ ಕೊಟ್ಟಿದೆ. ಅಲ್ಲಿನ ಸಂಶೋಧಕರು ಮಕ್ಕಳಿಗಾಗಿ ಒಂಬತ್ತು ಸರಳ ವ್ಯಾಯಾಮಗಳ ವಾರ್ಮ್‌ಅಪ್ ರೂಪಿಸಿದರು. ಹೆಸರು 'ಯೋಕೊಹಾಮಾ ಬೇಸ್‌ಬಾಲ್-9'. ಹತ್ತು ನಿಮಿಷದ ಕೆಲಸ. ಭುಜ ಮತ್ತು ಎದೆಯ ಬಿಗಿತ ಬಿಡಿಸುವುದು, ಸೊಂಟ ಸಡಿಲಿಸುವುದು, ಒಂಟಿ ಕಾಲಿನ ಸಮತೋಲ, ಇಂಥವು. ಅದನ್ನು ಮಾಡಿದ ಮಕ್ಕಳಲ್ಲಿ ಭುಜ-ಮೊಣಕೈ ಪೆಟ್ಟು ಮಾಡದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಯಂತ್ರ ಬೇಡ, ದುಡ್ಡು ಬೇಡ, ಹತ್ತು ನಿಮಿಷ ಸಾಕು.

"ಸ್ಕಾಲರ್‌ಶಿಪ್ ಸಿಗುತ್ತಲ್ಲಾ?"

ಅವಸರದ ಹಿಂದೆ ಇರುವ ದೊಡ್ಡ ವಾದ ಇದು. ಕಾಲೇಜು ಫೀಸು ಕಟ್ಟುತ್ತಿರುವ ನಮಗೆ ಈ ಆಸೆಯ ಬಿಸಿ ಚೆನ್ನಾಗಿ ಗೊತ್ತು, ಅದನ್ನು ಹಗುರ ಮಾಡಲ್ಲ. ಆದರೆ ಲೆಕ್ಕ ಹಾಕಿ. ಬಹಳ ವರ್ಷ, 2025ರ ಬದಲಾವಣೆಯವರೆಗೆ, ಎನ್‌ಸಿಎಎ ಡಿವಿಷನ್ 1ರ ಒಂದು ಬೇಸ್‌ಬಾಲ್ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್. ಅದನ್ನು 27 ಆಟಗಾರರವರೆಗೆ ಹರಿದು ಹಂಚುತ್ತಿದ್ದರು. ಈಗ ಆ ಮಿತಿ ಹೋಗಿ ತಂಡಕ್ಕೆ 34 ಆಟಗಾರರು ಅನ್ನೋ ಮಿತಿ ಬಂದಿದ್ದರೂ, ಎಲ್ಲರಿಗೂ ಪೂರ್ತಿ ಹಣ ಕೊಡಲೇಬೇಕು ಅಂತೇನೂ ಇಲ್ಲ. ಒಂದು ಇಡೀ ರಾಜ್ಯದ ಪಿಚರ್‌ಗಳು ಮುಗಿಬೀಳುವ ಸಾಲು ಅದು. ಆ ಸಾಲಿನಲ್ಲಿ ಹದಿನೆಂಟನೇ ವಯಸ್ಸಿಗೆ ನಿಲ್ಲಬೇಕಾದರೂ ಹದಿನೆಂಟರವರೆಗೆ ಕೈ ಉಳಿದಿರಬೇಕಲ್ಲ?

"ಕೋಚ್ ಇದ್ದಾರೆ, ಅವರು ನೋಡ್ಕೋತಾರೆ" ಅನ್ನೋದು ಎರಡನೇ ವಾದ. ಒಳ್ಳೆಯ ಕೋಚ್‌ಗಳು ಬಹಳ ಇದ್ದಾರೆ. ಆದರೆ ಊರ ಲೀಗಿನಲ್ಲಿ ಕೋಚ್ ಅಂದರೆ ಹೆಚ್ಚಿನ ಕಡೆ ಇನ್ನೊಂದು ಮಗುವಿನ ಅಪ್ಪ, ಆಫೀಸ್ ಮುಗಿಸಿ ಓಡಿ ಬಂದ ಸ್ವಯಂಸೇವಕ. ಅವರ ಕಣ್ಣು ಹನ್ನೆರಡು ಮಕ್ಕಳ ಮೇಲಿರಬೇಕು. ನಿಮ್ಮ ಕಣ್ಣು ಒಬ್ಬನ ಮೇಲೆ ಇದ್ದರೆ ಸಾಕು.

ಇನ್ನು ಕೆಲವರು "ಅದಕ್ಕೇ ನಮ್ಮ ಕ್ರಿಕೆಟ್ಟೇ ಸರಿ" ಅನ್ನಬಹುದು. ಅದೂ ಉತ್ತರ ಅಲ್ಲ. ಎಳೆಯ ವೇಗಿಗಳ ಬೆನ್ನೆಲುಬಿನ ಬಿರುಕುಗಳು ಕ್ರಿಕೆಟ್ ಲೋಕದ ಹಳೆಯ ತಲೆನೋವು. ಅಷ್ಟಕ್ಕೂ ಟೆಕ್ಸಾಸ್‌ನಲ್ಲಿ ಎರಡು ಆಟಗಳೂ ಒಂದೇ ನೆಲ ಹಂಚಿಕೊಂಡಿವೆ. ಗ್ರ್ಯಾಂಡ್ ಪ್ರೇರಿಯ ಕ್ರೀಡಾಂಗಣ 2008ರಲ್ಲಿ ಶುರುವಾದದ್ದು ಬೇಸ್‌ಬಾಲ್‌ಗಾಗಿ. 2023ರಲ್ಲಿ ಅದು ಕ್ರಿಕೆಟ್ ಮೈದಾನವಾಯಿತು. 2024ರ ಜೂನ್ 6ರಂದು ಅಲ್ಲೇ ಅಮೆರಿಕ ತಂಡ ಸೂಪರ್ ಓವರ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿತು. ಆ ಪಂದ್ಯದಲ್ಲಿ ಮೂರು ವಿಕೆಟ್ ಕಿತ್ತವರು ಅಲಬಾಮಾದಲ್ಲಿ ಹುಟ್ಟಿ ಕರ್ನಾಟಕದಲ್ಲಿ ಬೆಳೆದ ನೊಸ್ತುಶ್ ಕೆಂಜಿಗೆ. ನಮ್ಮ ಮಕ್ಕಳು ಎರಡನ್ನೂ ಆಡಲಿ. ಒಂದೊಂದು ಋತುವಿಗೆ ಒಂದೊಂದು ಆಟ ಆದರೆ ಮೈಗೆ ಅದೇ ವಿಶ್ರಾಂತಿ, ಅದೇ ವೈವಿಧ್ಯ.

ನಾವೇನು ಮಾಡಬಹುದು

ಉಪದೇಶ ಸಾಕು, ಕೆಲಸಕ್ಕೆ ಬರೋಣ. ಹ್ಯೂಸ್ಟನ್ ಕನ್ನಡ ವೃಂದ, ಆಸ್ಟಿನ್ ಕನ್ನಡ ಸಂಘ, ಡಲ್ಲಾಸ್ ಕಡೆಯ ಮಲ್ಲಿಗೆ ಕನ್ನಡ ಸಂಘ, ಇವರ ಕಾರ್ಯಕ್ರಮಗಳಿಗೆ ನಾವು ಹೋಗಿಯೇ ಹೋಗ್ತೀವಿ. ಹೆಚ್ಚಾಗಿ ಊಟದ ಸಾಲಿನಲ್ಲಿ ನಿಲ್ಲೋಕೆ. ಅದರ ಜೊತೆ ಮೂರು ಕೆಲಸ ಮಾಡಬಹುದು.

ಒಂದು, ಪಿಕ್ನಿಕ್‌ಗಳಲ್ಲಿ ನಮ್ಮ ಆಟಗಳನ್ನು ಮತ್ತೆ ಆಡಿಸೋಣ. ಕುಂಟೆಬಿಲ್ಲೆಯಲ್ಲಿ ಒಂಟಿ ಕಾಲಿನ ಹಿಡಿತ ಇದೆ, ಖೋ ಖೋದಲ್ಲಿ ಕುಕ್ಕರಗಾಲಿಂದ ಎದ್ದು ನುಗ್ಗುವುದಿದೆ, ಕಬಡ್ಡಿಯಲ್ಲಿ ಸೊಂಟ ತಗ್ಗಿಸಿ ತಿರುಗುವುದಿದೆ, ಲಗೋರಿಯಲ್ಲಿ ಹಗುರ ಚೆಂಡನ್ನು ನಾನಾ ಕೋನದಿಂದ ಎಸೆಯುವುದಿದೆ. ಹಳ್ಳಿಯ ಕಾಲವೇ ಚೆನ್ನಾಗಿತ್ತು ಅಂತ ಹಲುಬುವುದು ನಮ್ಮ ಉದ್ದೇಶ ಅಲ್ಲ. ಕಾರಿನ ಸೀಟು, ಕ್ಲಾಸಿನ ಕುರ್ಚಿ, ಮೈದಾನದ ಒಂದೇ ಚಲನೆ ಇಷ್ಟರಲ್ಲೇ ಬೆಳೆಯುವ ಮಗುವಿಗೆ ಬೇಕಾದ ವೈವಿಧ್ಯ ಈ ಆಟಗಳಲ್ಲಿ ಪುಕ್ಕಟೆ ಸಿಗುತ್ತೆ.

ಎರಡು, ಕನ್ನಡ ಶಾಲೆಯ ತರಗತಿಗಳ ಮೊದಲ ಹತ್ತು ನಿಮಿಷ ನಮಗೆ ಕೊಡಿ ಅಂತ ಕೇಳೋಣ. ಬಗ್ಗು, ಎದ್ದೇಳು, ತಿರುಗು, ಕುಂಟು, ಹಾರು, ಕುಕ್ಕರಿಸು, ನಿಧಾನ, ಮತ್ತೆ. ಈ ಎಂಟು ಮಾತುಗಳಲ್ಲಿ ಇಡೀ ವಾರ್ಮ್‌ಅಪ್ ಮುಗಿಯುತ್ತೆ. ಪುಸ್ತಕದಿಂದ ಕ್ರಿಯಾಪದ ಕಲಿಯದ ಮಗು ಮೈಯಿಂದ ಕಲಿಯುತ್ತೆ. "ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ಕೈ" ಅನ್ನೋದು ಪಿಚರ್‌ಗೂ ಪಾಠ, ಕನ್ನಡಕ್ಕೂ ಪಾಠ.

ಮೂರು, ನಮ್ಮಲ್ಲಿ ಕೈನೀಸಿಯಾಲಜಿ, ಫಿಸಿಕಲ್ ಥೆರಪಿ, ಬಯೋಮೆಡಿಕಲ್ ಓದುವವರು ಇದ್ದಾರೆ. ಅವರು ಪಿಚ್ ಸ್ಮಾರ್ಟ್ ಅಂಕಿಗಳನ್ನು ಒಂದು ಪುಟದ ಕನ್ನಡ ಹಾಳೆಯಾಗಿ ಬರೆದುಕೊಡಲಿ, ಅಜ್ಜ-ಅಜ್ಜಿಯೂ ಓದುವ ಹಾಗೆ. ಆರು ತಿಂಗಳಿಗೆಂದು ಊರಿಂದ ಬರುವ ಅಜ್ಜಂದಿರಿಗೆ ಎಸೆತ ಎಣಿಸೋ ಕೆಲಸ ಕೊಟ್ಟು ನೋಡಿ, ಯಾವ ಅಂಪೈರೂ ಅಷ್ಟು ನಿಖರವಾಗಿ ಎಣಿಸಲಾರ. ಆ ಹಾಳೆಯ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಸಾಲು ಇರಲಿ: ಮೊಣಕೈ ಅಥವಾ ಭುಜ ನೋಯ್ತಿದೆ ಅಂತ ಮಗು ಹೇಳಿದ ದಿನ ಎಸೆತ ನಿಲ್ಲಬೇಕು, ನೋವು ಹೋಗದಿದ್ದರೆ ವೈದ್ಯರ ಹತ್ತಿರ ಹೋಗಬೇಕು. ಅಮೃತಾಂಜನ ಹಚ್ಚಿ ಮತ್ತೆ ಮೈದಾನಕ್ಕೆ ಕಳಿಸೋದಲ್ಲ.

ಈ ಮಕ್ಕಳಲ್ಲಿ ಹೆಚ್ಚಿನವರು ವೃತ್ತಿಪರ ಆಟಗಾರರಾಗಲ್ಲ. ಇಂಜಿನಿಯರೋ, ಡಾಕ್ಟರೋ, ಮೇಷ್ಟ್ರೋ, ಇನ್ನೇನೋ ಆಗ್ತಾರೆ. ಆಗಲೂ ಅವರಿಗೆ ಈ ಮೈ ಬೇಕು. ನಲವತ್ತರಲ್ಲಿ ತಮ್ಮ ಮಗುವಿಗೆ ಚೆಂಡು ಎಸೆಯೋಕೆ ಭುಜ ಮೇಲೇಳಬೇಕು. ಮುಂದಿನ ಸಲ ಯಾರಾದರೂ "ಎಷ್ಟು ಸ್ಪೀಡು ನೋಡಿ" ಅಂತ ನಮ್ಮ ಕೈಗೆ ರೇಡಾರ್ ಗನ್ ಕೊಟ್ಟರೆ, ಅದನ್ನು ಪಕ್ಕಕ್ಕಿಟ್ಟು, "ಪುಟ್ಟಾ, ಒಂಟಿ ಕಾಲಲ್ಲಿ ನಿಂತ್ಕೋ ನೋಡೋಣ" ಅನ್ನೋಣ.